ಹಾಲವಾಡಿಯ ಒಗೆಯೋ ಕಲ್ಲು

ಎಳ್ಳಮಾಸಿಯ ಮರುದಿನ ಮುಂಜಾನೆ ಹಾಲವಾಡಿಯ ಮೇಲೆ ಮಂಜು ಹೇಗೆ ಕೂತಿತ್ತೆಂದರೆ, ಕೋಳಿ ಕೂಗಿದ್ದು ಕೇಳುತ್ತಿತ್ತು, ಕೋಳಿ ಕಾಣುತ್ತಿರಲಿಲ್ಲ. ಬಿಳಿಜೋಳದ ಗರಿಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಹಟ್ಟಿಯಲ್ಲಿ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು, ಅವುಗಳ ಉಣ್ಣೆಯ ಮೇಲೂ ಹನಿ. ಕೆಂಪು ನೆಲ ತೊಯ್ದು ಹದವಾಗಿತ್ತು. ಇಂಥ ಮುಂಜಾವಿನಲ್ಲಿ ದೇವರು ತಾನೂ ಕಂಬಳಿ ಹೊದ್ದು ಇನ್ನೊಂದು ಗಳಿಗೆ ಮಲಗುತ್ತಾನೆ ಎಂದು ಹಿರಿಯರು ಹೇಳುತ್ತಾರೆ.

ಆ ಮಂಜಿನೊಳಗೆ ಮೋನಮ್ಮ ಮಗ್ಗದಿಂದ ಇಳಿದ ಹೊಸ ಕಂಬಳಿಗಳ ಗಂಟು ಹೊತ್ತು ಬಾವಿಗೆ ಬಂದಳು. ಅವಳ ಮನೆತನ ಕುರಿ ಕಾಯುವವರದು. ಗಂಡ ಪೀರಪ್ಪ ಹಿಂಡಿನ ಹಿಂದೆ ಹೋದರೆ ಇವಳು ಉಣ್ಣೆ ನೂತು, ನೇಯ್ದ ಕಂಬಳಿಯನ್ನು ನೀರಲ್ಲಿ ತೊಯ್ಸಿ, ಕಲ್ಲಿನ ಮೇಲೆ ತುಳಿದು ಗಟ್ಟಿ ಮಾಡುವಳು. ಗಂಟು ಇಳಿಸಿ, ಯಾವತ್ತಿನಂತೆ ಒಂದು ಬೊಗಸೆ ನೀರೆತ್ತಿ ಒಗೆಯುವ ಕಲ್ಲಿನ ನಡುವಿನ ತಗ್ಗಿಗೆ ಬಿಟ್ಟಳು. ನೀರು ನಿಲ್ಲಲಿಲ್ಲ. ಸರ್ರನೆ ಜಾರಿ ಅವಳ ಪಾದದ ಮೇಲೆ ಬಿತ್ತು.

ಮೋನಮ್ಮ ಬಗ್ಗಿ ಕೈಯಾಡಿಸಿದಳು. ತಗ್ಗಿಲ್ಲ, ಒರಟಿಲ್ಲ. ಹಪ್ಪಳದ ಮಣೆಯಂತೆ ನುಣುಪಾದ, ನೀಲಿ ಬಣ್ಣದ ತಾಂಡೂರಿನ ಹಾಸುಗಲ್ಲು. ಸುತ್ತ ಮಣ್ಣು ಅಗೆದು ಮತ್ತೆ ಮುಚ್ಚಿದ ಗುರುತು.

ಅಷ್ಟರಲ್ಲಿ ನೆರೆಮನೆಯ ಅಮೃತಬಾಯಿ ಬಂದಳು. ನಾಲಗೆಯೂ ಕೈಯೂ ಒಟ್ಟಿಗೇ ಓಡುವ ಹೆಂಗಸು. ಕಲ್ಲನ್ನು ನೋಡದೆಯೇ ಸೀರೆ ತೊಯ್ಸಿ ಮೇಲೆತ್ತಿ ಒಂದು ಏಟು ಹಾಕಿದಳು. ಸೀರೆ ಆ ಕಡೆ ಹೋಯಿತು, ಸೀರೆಯ ಹಿಂದೆ ಅಮೃತಬಾಯಿ ಹೋದಳು, ಇಬ್ಬರೂ ಕೆಸರಲ್ಲಿ ಕೂತರು.

"ಯಾವ ಭಾಡ್ಯಾ ಇಲ್ಲಿ ಕನ್ನಡಿ ಹಾಸ್ಯಾನ!" ಎಂದು ಅವಳು ಕೂಗಿದ್ದು ಚಾವಡಿಯವರೆಗೆ ಕೇಳಿತು.

ಚಾವಡಿಯಿಂದ ಬಂದವರು ಮಾಣಿಕಪ್ಪ ಪಟೇಲರು. ಹಿಂದಿನ ದಿನದ ಭಜ್ಜಿ, ಕಡುಬು ಇನ್ನೂ ಹೊಟ್ಟೆಯಲ್ಲಿದ್ದುದರಿಂದ ಅವರು ಪ್ರಸನ್ನರಾಗಿದ್ದರು.

"ಬೈಬ್ಯಾಡ್ರೆವಾ. ತಾಂಡೂರಿನ ಬಾಲರಾಜ ಸೇಠ ಊರಿಗಿ ಧರ್ಮಕ್ಕ ಹಾಕಿಸಿದ ಕಲ್ಲದು. ನಿನ್ನೆ ನಾವೆಲ್ಲಾ ಚರಗ ಚೆಲ್ಲಾಕ ಹೊಲಕ್ಕ ಹೋದಾಗ ಆತನ ಗಾಡಿ ಬಂದು ಹೋಗ್ಯಾದ. ನನಗ ಮೊದಲೇ ಹೇಳಿದ್ದ, ಪಟೇಲ್ರೆ, ಹಳೇದು ಸೀಳ್ಯಾದ, ಒಯ್ದು ಗಟಾರಕ್ಕ ಹಾಸ್ತೀನಿ, ಹೊಸದು ಪುಕ್ಕಟೆ ಕೊಡ್ತೀನಿ ಅಂತ. ಎಂಥ ದೊಡ್ಡ ಮನಸ್ಸು!"

ಎಳ್ಳಮಾಸಿಯ ದಿನ ಈ ಸೀಮೆಯಲ್ಲಿ ಊರೆಂಬ ಊರು ಬರಿದಾಗುತ್ತದೆ. ಮುದುಕರು, ಕೂಸುಗಳು, ನಾಯಿ ಸಮೇತ ಎಲ್ಲರೂ ಹೊಲದಲ್ಲಿ, ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ ಅಲ್ಲೇ ಊಟ. ಅಮಾಸಿ ದಿನ ಯಾರೂ ಬಟ್ಟೆ ಒಗೆಯುವುದಿಲ್ಲ, ಬಾವಿಕಟ್ಟೆಗೆ ಯಾರೂ ಸುಳಿಯುವುದಿಲ್ಲ. ಕಳ್ಳನಿಗೆ ಕತ್ತಲೆ ಬೇಕಾಗಲಿಲ್ಲ. ಹಾಡುಹಗಲು ಹಬ್ಬವೇ ಸಾಕಾಯಿತು.

"ಹಳೇ ಕಲ್ಲು ಸೀಳಿದ್ದಿಲ್ರಿ ಪಟೇಲ್ರೆ," ಎಂದಳು ಮೋನಮ್ಮ. ಅವಳ ಕಣ್ಣು ತುಂಬಿ ಬಂದಿತ್ತು.

"ಏ, ಒಗೆಯೋ ಕಲ್ಲಿಗಿ ಯಾರರ ಕಣ್ಣಾಗ ನೀರು ತರ್ತಾರೇನು? ಹುಚ್ಚಿ!" ಪಟೇಲರು ನಕ್ಕು ಹೋದರು.

ಮೋನಮ್ಮನ ಕಣ್ಣೀರಿಗೆ ಕಾರಣ ಅವಳೊಬ್ಬಳಿಗೇ ಗೊತ್ತು. ಮದುವೆಯಾಗಿ ಬಂದ ಮರುದಿನ ಅತ್ತೆ ಹಣಮಮ್ಮ ಅವಳ ಕೈ ಹಿಡಿದು ಇದೇ ಬಾವಿಗೆ ಕರೆತಂದು, ಬೊಗಸೆ ನೀರು ಬಿಡಿಸಿ, ಕಿವಿಯಲ್ಲಿ ಹೇಳಿದ್ದಳು: "ಇದು ಬರೇ ಕಲ್ಲಲ್ಲ. ಹಿಂದ ದಂಡು ಬಂದು ಗುಡಿ ಸುಲೀವಾಗ ನಮ್ಮ ಮನೆತನದ ಒಬ್ಬ ಸೊಸಿ ಗುಡಿ ತಾಯಿ ಮೂರ್ತೀನ ಮುಖ ಕೆಳಗ ಮಾಡಿ ಇಲ್ಲಿ ಮಲಗಿಸ್ಯಾಳ. ತಾಯಿ ಬಂಗಾರದ ಮೂಗುತಿ ಬಿಚ್ಚಿ ಕುಡಿಕ್ಯಾಗ ಹಾಕಿ ಅಕಿ ಕೆಳಗೇ ಹುಗದಾಳ. ಒಗೆಯೋ ಕಲ್ಲು ಯಾರು ಕದೀತಾರ? ಅತ್ತಿ ಸೊಸಿಗಿ ಹೇಳಬೇಕು, ಗಂಡಸರಿಗಿ ಹೇಳಬಾರದು. ತಾನಾಗಿ ಹೊರಳೂತನ ತಾಯಿ ಹಿಂಗೇ ಇರಲಿ."

"ಅತ್ತೀ, ನಾವು ಬೆನ್ನ ಮ್ಯಾಲ ತುಳಿತೀವಲ್ಲ, ಪಾಪ ಬರಂಗಿಲ್ಲೇನು?" ಎಂದು ಹೊಸ ಸೊಸೆ ಮೋನಮ್ಮ ಹೆದರಿ ಕೇಳಿದ್ದಳು.

"ಕೂಸು ಬೆನ್ನ ಮ್ಯಾಲ ಕುಣಿದ್ರ ತಾಯಿಗಿ ಬ್ಯಾನಿ ಹೋಗ್ತದವ್ವಾ, ಸಿಟ್ಟು ಬರಂಗಿಲ್ಲ," ಎಂದಿದ್ದಳು ಹಣಮಮ್ಮ.

ಈಗ ಮೋನಮ್ಮನ ಮಗನ ಮದುವೆ ಗೊತ್ತಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ನಾರಾಯಣಖೇಡದಿಂದ ಕೌಶಲ್ಯಾ ಎಂಬ ಹುಡುಗಿ ಸೊಸೆಯಾಗಿ ಬರುವವಳಿದ್ದಳು. ಅವಳ ಕೈ ಹಿಡಿದು ಬಾವಿಗೆ ಕರೆತಂದು ಏನನ್ನು ತೋರಿಸುವುದು? ಎಷ್ಟೋ ತಲೆಮಾರಿನ ಸೊಸೆಯಂದಿರು ಬಾಯಿಂದ ಬಾಯಿಗೆ ದಾಟಿಸಿದ ಮಾತು ತನ್ನ ಬಾಯಲ್ಲೇ ಸಾಯುವುದೇ?

ಮೋನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತದ್ದು ಅಷ್ಟೇ. ಆಮೇಲೆ ಅವಳು ಅಳಲಿಲ್ಲ. ತಾಯಿ ತಾನಾಗಿ ಹೋದವಳಲ್ಲ, ಒಯ್ದರೆ ಹೋಗಿದ್ದಾಳೆ. ಕರೆದರೆ ಬರುತ್ತಾಳೆ ಎಂಬ ಧೈರ್ಯ ಅವಳಿಗೆ ಎಲ್ಲಿಂದಲೋ ಬಂತು.

ಮನೆಗೆ ಹೋಗಿ ಪೀರಪ್ಪನ ಮುಂದೆ ನಿಂತಳು. ಅವನು ಕುರಿಮರಿಯೊಂದಕ್ಕೆ ಹಾಲು ಕುಡಿಸುತ್ತಿದ್ದ.

"ಆ ಕಲ್ಲು ತರಬೇಕ್ರಿ. ತಾಂಡೂರಿಗಿ ಹೋಗಬೇಕು. ಯಾಕಂತ ಕೇಳಬ್ಯಾಡ್ರಿ."

ಪೀರಪ್ಪ ಮರಿಯನ್ನು ಕೆಳಗೆ ಬಿಟ್ಟ. "ಇಷ್ಟು ವರ್ಷ ನಿನ್ನ ಕೂಡ ಬಾಳೇ ಮಾಡೀನಿ. ಕಲ್ಲಿಗಿ ಅಳಾಕಿ ನೀ ಅಲ್ಲ. ಅಂದಮ್ಯಾಲ ಏನೋ ಅದ. ಕೇಳಂಗಿಲ್ಲ." ಎದ್ದು ಕೈ ಒರೆಸಿಕೊಳ್ಳುತ್ತ, "ಗಾಡಿ ಕಟ್ಟಲಿ?" ಎಂದ.

ಗಾಡಿ ಅಮೃತಬಾಯಿಯದು. ಬುದ್ಧಿಯೂ ಅವಳದೇ. "ಬರೇಗೈಲೆ ಹೋಗಿ ನಮ್ಮ ಕಲ್ಲು ಕೊಡು ಅಂದ್ರ ಕೊಡ್ತಾನೇನು? ಆತನ ಕಲ್ಲು ಆತಗ ವಾಪಸ್ ಒಯ್ಯಮು. ನನ್ನ ಸೊಂಟದ ಲೆಕ್ಕಾನೂ ಕೇಳೋದದ."

"ಪಟೇಲ್ರು ಎತ್ತಾಕ ಬಿಡಬೇಕಲ್ಲ?"

"ಪಟೇಲ್ರೇ ಎತ್ತಸ್ತಾರ, ನೋಡ್ತಿರು."

ಅವಳು ಚಾವಡಿಗೆ ಹೋಗಿ ತಲೆ ಮೇಲೆ ಸೆರಗು ಎಳೆದುಕೊಂಡು ನಿಂತಳು. "ಪಟೇಲ್ರೆ, ಕಲ್ಲೇನೋ ಭಾಳ ಚಂದ ಅದರಿ. ಖರೆ, ಬರೇ ಕಲ್ಲು ನೋಡಿದ್ರ ಯಾರ ಕಾಲದಾಗ ಹಾಕ್ಯಾರ ಅಂತ ಮುಂದಿನವರಿಗಿ ಹ್ಯಾಂಗ ತಿಳೀಬೇಕು? ತಾಂಡೂರಿಗಿ ಒಯ್ದು ನಿಮ್ಮ ಹೆಸರು ಕೆತ್ತನಿ ಮಾಡ್ಸಿಕೊಂಡು ಬರಮು ಅಂತ ಹೆಣ್ಮಕ್ಕಳೆಲ್ಲ ಮಾತಾಡೀವಿ."

ಪಟೇಲರ ಮೀಸೆ ತಾನಾಗಿ ಮೇಲೆದ್ದಿತು. ಅವರೇ ಆಳುಗಳನ್ನು ಕರೆದರು, ಅವರೇ ಹಾರೆ ಕೊಟ್ಟರು, ಅವರೇ "ಜ್ವಾಕಿ, ಜ್ವಾಕಿ" ಎಂದು ಕೂಗುತ್ತ ಗಾಡಿಗೆ ಕಲ್ಲು ಹೇರಿಸಿದರು. "ಹೆಸರಿನ ಹಿಂದ ಶ್ರೀಮಾನ್ ಅಂತ ಇರಲಿ," ಎಂದೂ ಹೇಳಿದರು.

ಕಲ್ಲು ಎದ್ದ ಜಾಗದಲ್ಲಿ ಮೋನಮ್ಮ ಕೈಯಿಟ್ಟು ನೋಡಿದಳು. ಸಡಿಲ ಮಣ್ಣು. ಒಡೆದ ಕುಡಿಕೆಯ ಒಂದು ಚೂರು ಸಿಕ್ಕಿತು. ಮೂಗುತಿ ಇರಲಿಲ್ಲ. ಅವಳು ಆ ಚೂರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಂಬಳಿಗಳ ಗಂಟು ಹಿಡಿದು ಗಾಡಿ ಹತ್ತಿದಳು.

ಹತ್ತಿರದ ಜಹೀರಾಬಾದಿಗೆ ರೈಲು ಬಂದ ಹೊಸದು. ಕಲ್ಲು ಹೊತ್ತವರಿಗೆ ರೈಲಿನ ಸುಖವಿಲ್ಲ. ಕೆಂಪು ನೆಲ ಮುಗಿದು ಕರಿ ನೆಲ ಬಂತು, ತೊಗರಿ ಹೊಲಗಳು ಬಂದವು. ಮೂವರೂ ಹಬ್ಬದ ಮಿಕ್ಕ ರೊಟ್ಟಿ ತಿನ್ನುತ್ತ, ದಾರಿಯ ಗುಡಿಗಳಿಗೆಲ್ಲ ಕೈ ಮುಗಿಯುತ್ತ ಸಾಗಿದರು. ದಾರಿಯಲ್ಲಿ ಎರಡು ರಾತ್ರಿ ತಂಗಿ ತಾಂಡೂರು ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು, ಆದರೂ ಗಾಳಿಯಲ್ಲಿ ಚಳಿಯಿತ್ತು.

ಬಾಲರಾಜನ ಕಲ್ಲಿನ ಅಡ್ಡೆ ಸ್ಟೇಷನ್ನಿನ ಮಗ್ಗುಲಿಗೇ ಇತ್ತು. ನೀಲಿ, ಹಳದಿ ಹಾಸುಗಲ್ಲುಗಳನ್ನು ಹೋಳಿಗೆಯಂತೆ ಒಂದರ ಮೇಲೊಂದು ಅಡುಕಿದ್ದರು. ಬಾಗಿಲಲ್ಲಿ ಅಡ್ಡೆಯ ಗಾಡಿಯಾಳು ಕಾಶಪ್ಪ ಎತ್ತಿಗೆ ಮೇವು ಹಾಕುತ್ತಿದ್ದ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಅಮೃತಬಾಯಿ ಅವನಿಗೊಂದು ರೊಟ್ಟಿ ಕೊಟ್ಟು ಮಾತಿಗೆಳೆದಳು.

"ಯಾಕಪ್ಪಾ, ಇವತ್ತ ಅಡ್ಡಾ ಭಾಳ ಕಸ ಹೊಡದು ಸ್ವಚ್ಛ ಇಟ್ಟೀರಿ?"

"ಸಂಜಿ ರೈಲುಗಾಡಿಗಿ ಹೈದರಾಬಾದದಿಂದ ಒಬ್ಬ ಸಾಹೇಬ ಬರ್ಲತ್ಯಾನವ್ವಾ. ಹಳೇ ಕಲ್ಲು, ಹಳೇ ಮೂರ್ತಿ ಅಂದ್ರ ಪ್ರಾಣ ಬಿಡ್ತಾನಂತ. ಒಂದು ಕಲ್ಲು ನೋಡಾಕ ಬರ್ತಾನ." ಅಷ್ಟು ಹೇಳಿ, ಹೇಳಬಾರದ್ದು ಹೇಳಿದವನಂತೆ ಕಾಶಪ್ಪ ರುಮಾಲಿನ ಗಂಟನ್ನು ಮುಟ್ಟಿ ನೋಡಿಕೊಂಡ.

ಅಂದರೆ ಸಂಜೆಯೊಳಗೇ ಆಗಬೇಕು. ಮೋನಮ್ಮ ಒಳಗೆ ಕಾಲಿಟ್ಟಳು, ಕಾಲಿಟ್ಟವಳು ನಿಂತುಬಿಟ್ಟಳು.

ಹುಣಸೆಮರದ ನೆರಳಲ್ಲಿ ಎರಡು ತೊಲೆಗಳ ಮೇಲೆ ಅವಳ ಕಲ್ಲು ಮುಖ ಕೆಳಗಾಗಿಯೇ ಮಲಗಿತ್ತು. ಅದರ ಮೇಲೆ ಊರಿನ ಪೊಲೀಸ್ ಅಮೀನ ಸಾಹೇಬರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಚಹಾದ ಬಸಿಯನ್ನು ನಡುವಿನ ತಗ್ಗಿನಲ್ಲಿ ಇಟ್ಟಿದ್ದರು. ತಗ್ಗು ಬಸಿಗೆಂದೇ ಮಾಡಿದಂತಿತ್ತು. ಎದುರಿಗೆ ಬಾಲರಾಜ ಸೇಠ, ನಾರಾಯಣಖೇಡದಿಂದ ಬಂದು ತಾಂಡೂರಿನಲ್ಲಿ ದೊಡ್ಡವನಾದವನು, ಶೇರವಾನಿ ತೊಟ್ಟು, ಅತ್ತರು ಹಚ್ಚಿ, ಚಳಿಯಲ್ಲೂ ಬೆವರುತ್ತ ನಿಂತಿದ್ದ. ಅಮೀನರು ಮನೆಯ ಪಡಸಾಲೆಗೆ ಹಾಸುಗಲ್ಲು ನೋಡಲು ಬಂದವರು ಕೂರಲು ಬೇರೆ ಜಾಗ ಸಿಗದೆ ಅಲ್ಲೇ ಕೂತಿದ್ದರು. ಹಳೆಯ ಮೂರ್ತಿಯಾಗಲಿ, ದಫೀನೆಯೆಂಬ ಹುಗಿದ ನಿಧಿಯಾಗಲಿ ಸಿಕ್ಕರೆ ಅದು ಸರ್ಕಾರದ್ದು, ಮುಚ್ಚಿಟ್ಟವನಿಗೆ ಬೇಡಿ. ಬಾಲರಾಜನಿಗೆ ಏಳಿ ಎನ್ನಲೂ ಬಾರದು, ಕೂಡ್ರಿ ಎನ್ನಲೂ ಬಾರದು.

ಮೋನಮ್ಮ ಮನಸ್ಸಿನಲ್ಲೇ ತಾಯಿಗೆ ಕೈಮುಗಿದು ಗಂಟು ಬಿಚ್ಚಿದಳು.

"ಸಲಾಮ್ರಿ ಸಾಹೇಬ್ರ. ಚಳಿ ಭಾಳ ಅದ. ಜಹೀರಾಬಾದ ಸೀಮಿ ಕಂಬಳಿ ಅವ, ನೋಡ್ತೀರೇನು?"

ಬಾಲರಾಜ ಇವಳ ಗುರುತು ಹಿಡಿಯಲಿಲ್ಲ. ಊರು ಬರಿದಾದಾಗ ಬಂದವನಿಗೆ ಊರಿನವರ ಮುಖ ಎಲ್ಲಿಂದ ಗೊತ್ತಾಗಬೇಕು?

ಅಮೀನರು ಕಂಬಳಿ ಮುಟ್ಟಿ ನೋಡಿದರು. "ಅರೇ, ಒರಟು ಅದಲ್ಲ ಬಾಯಿ. ಮೈಗೆ ಚುಚ್ತದ."

"ಮಗ್ಗದಿಂದ ಈಗ ಇಳದದ್ದರಿ. ನೀರಾಗ ತೊಯ್ಸಿ ಒಂದು ಒರಟು ಕಲ್ಲಿನ ಮ್ಯಾಲ ತುಳುದ್ರ ಮೆತ್ತಗೂ ಆಗ್ತದ, ಗಟ್ಟಿನೂ ಆಗ್ತದ. ಇಲ್ಲೇ ಮಾಡಿ ಕೊಡ್ತೀನಿ, ಕಲ್ಲೊಂದು ತೋರಸ್ರಿ."

"ಕಲ್ಲಿಗೇನು ಬರಗಾಲ? ಇಲ್ಲಿ ಇರೋದೇ ಕಲ್ಲು!"

ಮೋನಮ್ಮ ಅಡ್ಡೆಯ ತುಂಬ ತಿರುಗಿ, ಒಂದೊಂದು ಕಲ್ಲಿನ ಮೇಲೂ ಕೈಯಾಡಿಸಿ, ಒಂದೊಂದಕ್ಕೂ ತಲೆ ಅಲ್ಲಾಡಿಸಿದಳು. "ಇದು ಜಾರ್ತದ... ಇದೂ ಜಾರ್ತದ." ಕಡೆಗೆ ಅಮೀನರ ಮುಂದೆ ಬಂದು ನಿಂತಳು. "ಸಾಹೇಬ್ರು ಕುಂತದ್ದೇ ಬರೋಬರಿ ಅದರಿ. ಜರಾ ಏಳ್ತೀರೇನು?"

"ಅದು ಬ್ಯಾಡ!" ಬಾಲರಾಜ ಹಾರಿ ಬಂದ. "ಅದು... ಅದು ಹೊಲಸು ಅದ ಸಾಬ್."

ಅಮೀನರು ಮೆಲ್ಲಗೆ ಎದ್ದು ನಿಂತರು. "ಹೊಲಸು ಕಲ್ಲಿನ ಮ್ಯಾಲ ನನ್ನ ಕೂಡಿಸಿದ್ಯಾ?"

"ಅಲ್ಲ ಸಾಬ್, ಹೊಲಸು ಅಂದ್ರ..."

"ತೊಳೀಲಿ ಬಿಡು, ಸ್ವಚ್ಛ ಆಗ್ತದ. ನೀ ತುಳಿ ಬಾಯಿ."

ಮೋನಮ್ಮ ಬಸಿಯನ್ನು ಎತ್ತಿ ಬಾಲರಾಜನ ಕೈಗೆ ಕೊಟ್ಟಳು. ತೊಟ್ಟಿಯಿಂದ ಬೊಗಸೆ ನೀರು ತಂದು ತಗ್ಗಿಗೆ ಬಿಟ್ಟಳು. ನೀರು ನಿಂತಿತು. ಹುಣಸೆಯ ಎಲೆಗಳ ನೆರಳು ಅದರಲ್ಲಿ ತೂಗಿತು. ಅವಳು ಬೆರಳದ್ದಿ ಕಣ್ಣಿಗೊತ್ತಿಕೊಂಡಳು. ಹಾಲವಾಡಿಯಿಂದ ಅವಳ ಎದೆಯಲ್ಲಿ ಕೂತು ಬಂದಿದ್ದ ಮಂಜು ಆಗ ಕರಗಿತು.

ಆಮೇಲೆ ಅವಳೂ ಅಮೃತಬಾಯಿಯೂ ಕಂಬಳಿಯ ಮೇಲೆ ಹತ್ತಿ ತುಳಿದರು. ತುಳಿತಕ್ಕೆ ತಕ್ಕಂತೆ ಅಮೃತಬಾಯಿ ಒಂದು ಪದವನ್ನೂ ಎತ್ತಿದಳು. ಕೆಲಸಗಾರರು ಉಳಿ ಬಿಟ್ಟು ಬಂದು ಸುತ್ತ ನಿಂತರು. ಬಾಲರಾಜನ ಕೈಯಲ್ಲಿ ಬಸಿ ಕಟಕಟ ಎನ್ನುತ್ತಿತ್ತು. ತುಳಿದು ಹಿಂಡಿದ ಕಂಬಳಿಯನ್ನು ಮುಟ್ಟಿ ನೋಡಿ ಅಮೀನರು "ವಾರೆವ್ವಾ!" ಎಂದರು.

"ಕೈಗುಣ ಅಲ್ರಿ, ಕಲ್ಲಿನ ಗುಣ," ಎಂದಳು ಮೋನಮ್ಮ. "ಸೇಠಜೀ, ಈ ಕಲ್ಲು ನಮಗ ಕೊಡ್ರಿ."

"ಅದು ಮಾರೋದಲ್ಲ!"

"ಯಾಕೋ?" ಎಂದರು ಅಮೀನರು. "ಏನು ವಿಶೇಷ ಅದರಾಗ?"

"ವಿಶೇಷ... ಏನೂ ಇಲ್ಲ ಸಾಬ್."

"ಹಳೇದೇನು?"

"ಅಯ್ಯೋ, ಇಲ್ಲ ಸಾಬ್! ನಮ್ಮ ಕಲ್ಲಿನ ಖಾಣ್ಯಾಗಿಂದೇ ತಗದದ್ದು."

"ಹಂಗಾದ್ರ ಸಾದಾ ಕಲ್ಲು."

"ಸಾದಾ... ಸಾದಾ ಕಲ್ಲೇ ಸಾಬ್." ಆ ಮಾತು ಬಾಲರಾಜನ ಗಂಟಲಿಂದ ಮೀನಿನ ಮುಳ್ಳಿನಂತೆ ಹೊರಬಿತ್ತು.

"ಸಾದಾ ಕಲ್ಲಿಗೆ ಇಷ್ಟು ಬೆವರು ಯಾಕ ಬಿಡ್ಲತ್ತಿ?"

ಮೋನಮ್ಮ ಅವನಿಗೆ ಉಸಿರು ತೆಗೆಯಲು ಬಿಡಲಿಲ್ಲ. "ಪುಕ್ಕಟೆ ಬ್ಯಾಡ್ರಿ ಸೇಠಜೀ. ಇದಕ್ಕಿಂತ ಚಂದಂದು, ನುಣುಪಂದು ಒಂದು ಕಲ್ಲು ಗಾಡ್ಯಾಗ ತಂದೀವಿ. ಅದು ನಿಮಗ, ಇದು ನಮಗ. ನೋಡ್ರಿ ಬರ್ರಿ, ಗುರುತು ಸಿಗ್ತದೇನೋ. ಹಾಲವಾಡಿಗಿ ನೀವೇ ಎಳ್ಳಮಾಸಿ ದಿನ ಧರ್ಮಕ್ಕ ಹಾಕಿಸಿದ್ದದು."

ಬಾಲರಾಜ ಅವಳ ಮುಖ ನೋಡಿದ. ಅವಳು ಶಾಂತವಾಗಿ ನಗುತ್ತಿದ್ದಳು. ಅವನ ಮುಖ ಮಾತ್ರ ಸುಣ್ಣವಾಯಿತು.

"ಧರ್ಮಕ್ಕ ಕೊಟ್ಟದ್ದು ವಾಪಸ್ ಯಾಕ ಬಾಯಿ?" ಎಂದು ಅಮೀನರು ಕೇಳಿದರು.

ಉತ್ತರ ಕೊಟ್ಟವಳು ಅಮೃತಬಾಯಿ: "ಜಾರ್ತದರಿ ಸಾಹೇಬ್ರ! ನನ್ನ ಸೊಂಟ ಮುರೀತು. ತೋರಸ್ಲಿ?"

"ಬ್ಯಾಡ, ಬ್ಯಾಡ!" ಅಮೀನರು ನಕ್ಕರು. "ಬಾಲರಾಜ, ಬದಲು ಮಾಡು. ಸಾದಾ ಕಲ್ಲಿಗೆ ಸಾದಾ ಕಲ್ಲು. ಹೆಣ್ಮಕ್ಕಳ ದುವಾ ಬರ್ತದ."

ಪೀರಪ್ಪನೂ ಕಾಶಪ್ಪನೂ ಕೆಲಸಗಾರರೂ ಸೇರಿ ಮೊದಲು ಹೊಸ ಕಲ್ಲು ಇಳಿಸಿದರು. ಹಳೆಯದನ್ನು ಹಾರೆ ಹಾಕಿ ಎಬ್ಬಿಸುವಾಗ ಕಾಶಪ್ಪ ತಳದ ಕಡೆ ಬಗ್ಗಿ ಹೆಗಲು ಕೊಟ್ಟ. ಕಲ್ಲು ಓರೆಯಾಯಿತು. ಒಂದು ಕ್ಷಣ, ಅವನೊಬ್ಬನ ಕಣ್ಣಿಗೆ ಮಾತ್ರ, ಕೆಳಗಿನ ಮುಖ ಕಂಡಿತು. ಅರ್ಧ ಮುಚ್ಚಿದ ಕಣ್ಣು, ಮಣ್ಣು ಮೆತ್ತಿದ ತುಟಿಯಲ್ಲಿ ಸಣ್ಣ ನಗು, ಎಡ ಮೂಗಿನಲ್ಲಿ ಒಂದು ಬರಿದಾದ ತೂತು. ಅವನ ಕೈ ತಾನಾಗಿ ರುಮಾಲಿನ ಗಂಟಿಗೆ ಹೋಯಿತು. "ಏ, ಕೈ ಬಿಡಬ್ಯಾಡೋ!" ಎಂದು ಪೀರಪ್ಪ ಕೂಗಿದ.

ಅಷ್ಟರಲ್ಲಿ ಮೋನಮ್ಮ ಒಂದು ಕರಿ ಕಂಬಳಿ ಬಿಡಿಸಿ ಕಲ್ಲಿನ ಸುತ್ತ ಹೊದಿಸಿಯಾಗಿತ್ತು.

"ಕಲ್ಲಿಗ್ಯಾಕ ಕಂಬಳಿ?" ಎಂದರು ಅಮೀನರು.

"ಚಳಿ ಅದರಿ ಸಾಹೇಬ್ರ."

ಅಮೀನರು ಹೊಟ್ಟೆ ಹಿಡಿದು ನಕ್ಕರು. ತಮ್ಮ ಕಂಬಳಿಯನ್ನು ಬಿಸಿಲಿಗೆ ಹಾಕಿಸಲು ಸಿಪಾಯಿಯನ್ನು ಕರೆಯುತ್ತ ಆಚೆ ಹೋದರು. ಗಾಡಿ ಹೊರಡುವಾಗ ಬಾಲರಾಜ ಚಕ್ರದ ಬಳಿ ಬಂದು ದನಿ ತಗ್ಗಿಸಿದ.

"ಬಾಯೀ, ಗೆದ್ದೀರಿ. ಹಿಂದೊಮ್ಮೆ ಕಲ್ಲಿನ ಅಂಚಿನಾಗ ಕೆತ್ತನಿ ಕಂಡೇ ಗುರುತು ಹಿಡದಿದ್ದೆ. ಒಂದು ಖರೆ ಹೇಳ್ರಿ. ತಾಯಿ ಮುಖ ಕೆಳಗಿದ್ದಲ್ಲಿ ಕೊಪ್ಪರಿಗಿ ಹೊನ್ನು ಇರ್ತದ ಅಂತಾರ. ಆಳ್ನ ಹಚ್ಚಿ ಅಗಸೀನಿ, ನಾನೂ ಕೈ ಹಾಕಿ ನೋಡೀನಿ. ಒಂದು ದಮ್ಮಡಿ ಸಿಗಲಿಲ್ಲ. ಕೆಳಗ ಏನಿತ್ತು?"

ಮೋನಮ್ಮ ಅವನನ್ನು ದಿಟ್ಟಿಸಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ಮೂಗುತಿ ಇವನ ಕೈಗೂ ಸಿಕ್ಕಿಲ್ಲ.

"ನೀರಿತ್ತು ಸೇಠಜೀ," ಎಂದಳು. "ಬಾವಿ ದಂಡ್ಯಾಗ ಮತ್ತೇನಿರ್ತದ?"

ಹಾಲವಾಡಿಯಲ್ಲಿ ಕಲ್ಲು ತನ್ನ ಜಾಗದಲ್ಲಿ, ಇದ್ದ ಹಾಗೆಯೇ ಮಲಗಿತು. ಪಟೇಲರು ಬಂದು ಸುತ್ತ ತಿರುಗಿ ನೋಡಿದರು. ಬಗ್ಗಿಯೂ ನೋಡಿದರು.

"ಇದು ಹಳೇದಲ್ಲ? ನನ್ನ ಹೆಸರೆಲ್ಲಿ?"

"ಕೆತ್ತನಿ ಕೆಳಗಿನ ಮಗ್ಗಲಿಗಿ ಅದರಿ ಪಟೇಲ್ರೆ," ಎಂದಳು ಅಮೃತಬಾಯಿ ಕಣ್ಣು ಮಿಟುಕಿಸದೆ. "ಮ್ಯಾಲ ಇದ್ರ ಹೆಣ್ಮಕ್ಕಳು ನಿಮ್ಮ ಹೆಸರು ತುಳಿಬೇಕಾಗ್ತಿತ್ತು. ಛಂದ ಇರ್ತದೇನು?"

ಪಟೇಲರು ಬಹಳ ಹೊತ್ತು ಯೋಚಿಸಿ, ಅದೂ ಖರೆ ಎಂದು ಒಪ್ಪಿ ಹೋದರು. ಅಮೃತಬಾಯಿಗೆ ತಾನು ಎಂಥ ನಿಜ ಹೇಳಿದೆನೆಂಬುದು ಗೊತ್ತಿರಲಿಲ್ಲ. ಮೋನಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಆದರೂ ಕಲ್ಲಿನ ಕೆಳಗೆ ಒಡೆದ ಕುಡಿಕೆಯ ಚೂರನ್ನು ಮಾತ್ರ ಇಡುವಾಗ ಅವಳ ಕೈ ತಡೆದಿತ್ತು. ತಾಯಿ ಬಂದಳು, ಮೂಗುತಿ ಬರಲಿಲ್ಲ. ಮನೆಗೆ ಹೆಣ್ಣು ಬರುವ ಹೊತ್ತಿಗೆ ತಾಯಿಯ ಮೂಗು ಬರಿದೇ? ದೀಪದ ಮುಂದೆ ಕೂತು ಅವಳು ಬೇಡಿದ್ದು ಇಷ್ಟೇ: "ಯವ್ವಾ, ಯಾರ ಕೈಯಾಗದನೋ ಅವರ ಮನಸ್ಸಿನಾಗ ನೀನೇ ಹೊರಳು."

ಸಂಕ್ರಾಂತಿ ಕಳೆಯಿತು. ಮದುವೆ ಆಯಿತು. ನಾರಾಯಣಖೇಡದ ಕೌಶಲ್ಯಾ ಕೈತುಂಬ ಹಸಿರು ಬಳೆ ತೊಟ್ಟು ಹಾಲವಾಡಿಗೆ ಬಂದಳು. ಮರುದಿನ ಬೆಳಗಿನ ಎಳೆಬಿಸಿಲಲ್ಲಿ ಮೋನಮ್ಮ ಸೊಸೆಯ ಕೈ ಹಿಡಿದು ಬಾವಿಗೆ ಕರೆತಂದು, ಬೊಗಸೆ ನೀರು ಬಿಡಿಸಿ, ಕಿವಿಯಲ್ಲಿ ಎಲ್ಲ ಹೇಳಿದಳು. ಮೂಗುತಿಯ ಮಾತು ಬಂದಾಗ ಮಾತ್ರ ಅವಳ ದನಿ ಸಣ್ಣದಾಯಿತು.

"ಅತ್ತೀ," ಎಂದಳು ಕೌಶಲ್ಯಾ, "ಯಾರೋ ಬರ್ಲತ್ಯಾರ."

ತೆಳ್ಳಗಿನ ಮನುಷ್ಯನೊಬ್ಬ ಜೋಳದ ಹೊಲದ ಬದುವಿನ ಮೇಲೆ ನಡೆದು ಬರುತ್ತಿದ್ದ. ಕಾಶಪ್ಪ. ಗಾಡಿಯಿಲ್ಲ, ಎತ್ತಿಲ್ಲ. ಮೊಣಕಾಲಿನ ತನಕ ಕರಿ ಮಣ್ಣು, ಅದರ ಮೇಲೆ ಕೆಂಪು ಮಣ್ಣು.

"ಈ ಕಡಿ ಯಾಕ ಬಂದ್ಯೋ ತಮ್ಮಾ?"

"ನೀರು ಕುಡ್ಯಾಕ ಬಂದೀನವ್ವಾ."

"ತಾಂಡೂರಾಗ ನೀರಿಲ್ಲೇನು?"

ಅವನು ಬಾವಿಕಟ್ಟೆಯ ಬಳಿ ಮಂಡಿಯೂರಿದ. ಮೋನಮ್ಮ ಕೊಡದಿಂದ ನೀರು ಹೊಯ್ದಳು, ಅವನು ಬೊಗಸೆಯೊಡ್ಡಿ ಕುಡಿದ. ಬಹಳ ದಿನ ಬಾಯಾರಿದವನಂತೆ ಕುಡಿದ. ಮುಖ ಒರೆಸಿಕೊಂಡು, ರುಮಾಲು ತೆಗೆದು, ಅದರ ಗಂಟನ್ನು ಹಲ್ಲಿನಿಂದ ಬಿಚ್ಚಿದ. ಅದರೊಳಗಿದ್ದುದನ್ನು ಕಲ್ಲಿನ ನಡುವಿನ ತಗ್ಗಿನಲ್ಲಿ, ಕೌಶಲ್ಯಾ ಆಗತಾನೆ ಬಿಟ್ಟ ನೀರಿನೊಳಗೆ, ಸದ್ದಾಗದಂತೆ ಇಟ್ಟ.